ಹೆಬ್ಬೆಟ್ಟು

ಎರಡನೆಯ ಸಲ ಬೀಸಿದಾಗಲೂ ಗಾಳದ ರೀಲು ಗರ್ರನೆ ತಿರುಗಿ, ದಾರವೆಲ್ಲ ಸಿಕ್ಕುಗಟ್ಟಿ, ಸೀಸದ ಗುಂಡು ದಡದಲ್ಲಿದ್ದ ಗಂಗಾಳ ಕಾಲ ಬಳಿಯೇ ಬಿತ್ತು. ಕೃಷ್ಣೆಯ ನಡುಬಂಡೆಯ ಮೇಲೆ ನಿಂತಿದ್ದ ತಮ್ಮ ಹಣಮೇಶನ ಮೊಣಕಾಲು ಏರುವ ನೀರಿನಲ್ಲಿ ಆಗಲೇ ಮುಳುಗಿತ್ತು. ದಾರದ ತುದಿ ಅವನ ಕೈಗೆ ಸಿಕ್ಕರೆ ಸಾಕು, ಈ ತುದಿಗೆ ಹಗ್ಗ ಕಟ್ಟಿ ಕಳಿಸಬಹುದು.

"ಇನ್ನೊಮ್ಮಿ ಒಗಿಯವ್ವಾ. ಈ ಸೆಳವಿನಾಗ ಹರಗೋಲು ಹೋಗಂಗಿಲ್ಲ," ಎಂದ ಮುದುಕ ದ್ಯಾವಪ್ಪ, ಸಿಕ್ಕು ಬಿಡಿಸುತ್ತ.

"ಮೀನಿನ ಬಲಿ ಬೀಸಿದ ಕೈರಿ ಕಾಕಾ ಇದು. ಬಲಿ ಒಗದ್ರ ತಾನ ಬಿಚ್ಕೋತದ, ಇದು ಸಿಕ್ಕಾಗ್ತದ," ಎಂದಳು ಗಂಗಾ.

ಹಣಮೇಶ ಏನೋ ಕೂಗಿದ. ಹೊಳೆಯ ಸದ್ದಿನಲ್ಲಿ ಕೇಳಲಿಲ್ಲ. ಆಮೇಲೆ ಹೆಬ್ಬೆಟ್ಟು ಎತ್ತಿ ತೋರಿಸಿದ. ಎಲ್ಲ ಮುಗೀತು ಅನ್ನುತ್ತಿದ್ದಾನೆಂದುಕೊಂಡಳು. ಆದರೆ ಅವನು ಆ ಹೆಬ್ಬೆಟ್ಟನ್ನು ಇನ್ನೊಂದು ಅಂಗೈಗೆ ಒತ್ತಿದ, ಮತ್ತೆ ಮತ್ತೆ ಒತ್ತಿದ. ರೀಲು ಕೊಂಡು ತಂದ ದಿನ ಅವನು ನಗುತ್ತ ಹೇಳಿಕೊಟ್ಟಿದ್ದು ನೆನಪಾಯಿತು: "ಇದು ಬಲಿ ಅಲ್ಲಕ್ಕಾ. ದಾರ ಓಡೂವಾಗ ಹೆಬ್ಬೆಟ್ಟು ಎತ್ತಬ್ಯಾಡ, ರೀಲಿನ ಮ್ಯಾಲೇ ಇರ್ಲಿ."

ಗಂಗಾ ಬೀಸಿದಳು. ಓಡುವ ದಾರ ಹೆಬ್ಬೆಟ್ಟಿನ ಚರ್ಮ ಸುಲಿಯಿತು. ಅವಳು ಎತ್ತಲಿಲ್ಲ. ಆ ತುದಿಯಿಂದ ತಮ್ಮ ಜಗ್ಗಿದ ಮೇಲೆಯೇ ಎತ್ತಿದಳು.