ಅಮ್ಮನ ಎರಡು ಫೋನು

ರಜೆಗೆ ಬಂದಿದ್ದ ನರ್ಸ್ ಮಗಳ ಫೋನು ಟಣ್ ಎಂದಾಗ ಅಮ್ಮನ ಕೈಯ ಸೌಟು ಹಾಗೇ ನಿಂತಿತು. "ಅಮ್ಮಾ, ಅಪ್ಪಂದು! ಮರಗೆಲಸದ ಷೆಡ್ಡಿಂದಾನೇ ಕಳಿಸಿದಾರೆ. ಅವರ ಆ್ಯಪ್ ಕಂಪನಿ ಮೆಸೇಜು ಈಗ ನನ್ನ ಆ್ಯಪ್‌ಗೂ ಬರುತ್ತೆ. ನಿನ್ನ ಪೋಸ್ಟ್‌ಮ್ಯಾನ್ ಕೆಲಸ ಹೋಯ್ತು ಬಿಡು."

ಅಪ್ಪನ ಆ್ಯಪ್ ಒಂದು ಕಂಪನಿಯದು, ಮಗಳದು ಇನ್ನೊಂದರದು; ಒಂದರ ಮೆಸೇಜು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಇಷ್ಟು ದಿನ, ಕಿವಿ ಕೇಳದ ಬಡಗಿ ಅಪ್ಪನ ಸಂದೇಶವನ್ನು ಒಂದು ಫೋನಿನಲ್ಲಿ ಓದಿ, ಇನ್ನೊಂದರಿಂದ ಮಗಳಿಗೆ ಬರೆದು ಕಳಿಸುತ್ತಿದ್ದವಳು ಅಮ್ಮ. ಅವನು "ಹುಷಾರು" ಎಂದಷ್ಟೇ ಬರೆದರೆ, ಅವಳು "ನೀನಿಲ್ಲದೆ ಮನೆ ಬಿಕೋ ಅನ್ನುತ್ತೆ ಪುಟ್ಟೀ" ಎಂದು ಸೇರಿಸುತ್ತಿದ್ದಳು. ಈಗ ಗುಟ್ಟು ರಟ್ಟಾದರೆ, ಅಪ್ಪನಿಗೆ ಪ್ರೀತಿಯೇ ಇಲ್ಲವೆಂದು ಮಗಳು ತಿಳಿದಾಳು.

"ಏನಂತೆ?" ಅಮ್ಮನ ದನಿ ಸಣ್ಣಗಾಯಿತು.

ಮಗಳು ನಿಧಾನವಾಗಿ ಓದಿದಳು: "ನಿಮ್ಮಮ್ಮ ಸೇರಿಸಿದ್ದನ್ನೆಲ್ಲ ಅವಳ ಫೋನಲ್ಲಿ ಕದ್ದು ಓದಿದ್ದೀನಿ. ಒಂದೂ ಸುಳ್ಳಲ್ಲ. ನನಗೆ ಹಾಗೆ ಬರೆಯೋಕೆ ಬರಲ್ಲ, ಅಷ್ಟೇ."