ನೋಡದೆ ಬರೆದ ಮಹಜರು

“ಮರ ನೀನೇ ಮಾರ್ಕೊಂಡು ಈಗ ದೂರು ಕೊಡೋಕೆ ಬಂದಿದ್ದೀಯ. ಅಲ್ವಾ?”

ಕಾಂತರಾಜ್ ಕಾಗದದಿಂದ ತಲೆ ಎತ್ತಲಿಲ್ಲ. ಹರಿಹರದ ಮರಗಳ್ಳತನ ತಡೆ ದಳಕ್ಕೆ ಅವನೇ ಅಧಿಕಾರಿ. ಮೂರು ವರ್ಷದಲ್ಲಿ ಅವನು ಹಿಡಿದ ಅತಿ ದೊಡ್ಡ ಕಳ್ಳಿ, ಸೌದೆ ಹೊರೆ ಹೊತ್ತ ಒಬ್ಬ ಮುದುಕಿ. ಹನ್ನೊಂದಕ್ಕೆ ದಾವಣಗೆರೆಯಲ್ಲಿ ಕಾರ್ಯಾಗಾರ. ಅಕ್ರಮ ಮರ ಸಾಗಣೆ ತಡೆಯುವ ರಾಷ್ಟ್ರೀಯ ನೀತಿಯ ಮೇಲೆ ಅವನದೇ ಭಾಷಣ.

ಎದುರಿಗೆ ನಿಂತಿದ್ದವಳು ಕೊಂಡಜ್ಜಿಯ ರೈತ ಹೆಂಗಸು ಕೆಂಚಕ್ಕ. ಅವಳು ಹೇಳಿದ್ದು ಎರಡೇ ಮಾತು: “ನಮ್ಮ ಗಂಧದ ಮರಕ್ಕೆ ಬೆಳಗಿನ ಜಾವ ಕಳ್ಳರು ಬಿದ್ದಿದ್ರು. ನೀವೊಂದೀಟು ಬಂದು ನೋಡ್ರಿ.” ಮೂರನೆಯದಕ್ಕೆ ಬಾಯಿ ತೆರೆದಾಗ ಅವನು ಕೈ ಎತ್ತಿ ತಡೆದಿದ್ದ.

“ನಿಂಗರಾಜ್, ಮಹಜರು ಬರ್ಕೋ.”

ಗುಮಾಸ್ತ ಅನುಮಾನಿಸಿದ. “ಸ್ಥಳಕ್ಕೆ ಹೋಗ್ದೇನೇ, ಸಾರ್?”

“ಅಲ್ಲಿ ನೋಡೋಕೇನಿದೆ? ಬೊಡ್ಡೆ ತಾನೇ?”

ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ ಹೇಳುತ್ತ ಹೋದ. ಬಾವಿಯ ಮೂಡಣ ಬದುವಿನ ಮರ. ಸುತ್ತಳತೆ ಮೂವತ್ತೆಂಟು ಇಂಚು. ಬುಡಕ್ಕೆ ಗರಗಸ ಹಾಕಿ ಕೊಯ್ಯಲಾಗಿದೆ. ಬೊಡ್ಡೆಯನ್ನು ಖುದ್ದಾಗಿ ಪರಿಶೀಲಿಸಲಾಯಿತು. ಮಾಲೀಕಳೇ ಮಾರಿರುವುದು ಮೇಲ್ನೋಟಕ್ಕೆ ಖಚಿತ.

ಕೆಂಚಕ್ಕ ಅವನ ಮುಖವನ್ನೇ ದಿಟ್ಟಿಸಿದಳು.

“ಹದಿನೆಂಟು ವರ್ಷ ಸಾಕೀನ್ರಿ ಆ ಮರಾನ. ನಾನ್ಯಾಕ ಮಾರ್ಲಿ?”

“ದೇಶಕ್ಕೆಲ್ಲ ಒಂದೇ ಸಾಗಣೆ ಪರವಾನಗಿ ಮಾಡಿದ್ದೀವಿ. ಅದಕ್ಕೆ ಕ್ಯೂಆರ್ ಕೋಡ್ ಬೇರೆ. ರೈತ್ರೂ ಗಂಧ ಬೆಳೀಲಿ ಅಂತ ನೀತಿ ತಂದಿದ್ದೀವಿ. ಏನು ತಂದು ಏನು ಉಪಯೋಗ? ನೀತಿ ಅಂದ್ರೆ ನಿಮ್ಮಂಥೋರಿಗೆ ಗೊತ್ತಾ? ಹೆಬ್ಬೆಟ್ಟು ಒತ್ತು.”

“ಒತ್ತಂಗಿಲ್ರಿ.”

“ನಿರಾಕರಿಸಿದಳು ಅಂತ ಸೇರಿಸು.” ಸಹಿ ಎಳೆದ. ಸೀಲು ಗುದ್ದಿದ.

“ನನಗೊಂದು ಜೆರಾಕ್ಸ್ ಕೊಡ್ರಿ.”

ಕಾಂತರಾಜ್ ನಕ್ಕ. “ಓದೋಕೆ ಬರುತ್ತಾ?”

“ನನಗ ಬರಾಂಗಿಲ್ರಿ. ಓದೋರು ಹೊಲದಾಗ ಕಾಯ್ತಾ ಕುಂತಾರ.”

ಈ ಮಾತಿಗೂ ನಕ್ಕ. ಕೊಡು ಎಂದು ನಿಂಗರಾಜನಿಗೆ ಸನ್ನೆ ಮಾಡಿ, ಎದ್ದು ಕೋಟು ತೊಟ್ಟ. ಕೆಂಚಕ್ಕ ನಕಲನ್ನು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಗಂಟು ಹಾಕಿದಳು. ಆದರೂ ಹೊರಡಲಿಲ್ಲ.

“ಇನ್ನೇನಮ್ಮ? ಕೆಲಸ ಮುಗೀತಲ್ಲ, ನಡಿ!”

“ಮರ ನಿಂತೈತ್ರಿ ಸಾಹೇಬ್ರ. ಕಡಿಯಾಕ ಬಂದ ಮೂವರನ್ನೂ ಊರೋರು ಹಿಡಿದು ಅದಕ್ಕೇ ಕಟ್ಟ್ಯಾರ, ಪೊಲೀಸ್ರೂ ಬಂದಾರ. ಕಳ್ಳರು ನಿಮ್ಮ ಹೆಸರು ಹೇಳಿದ್ರು. ನಾನು ಹೇಳದ ಬಾವಿ ಬದು, ಮರದ ಅಳತೆ ನಿಮ್ಮ ಬಾಯಾಗ ಕೇಳೋ ತನಕ ನಾನು ನಂಬಿದ್ದಿಲ್ಲ.”