ನೆರಳು ಸೀಳಿದ ಕುಂಬಳಕಾಯಿ

“ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಮೊಂಡಾಗ್ಲಿ” ಎಂದು ಆಣೆ ಇಟ್ಟು, ಸಾಣೆಯಣ್ಣ ಬಾಗಿಲಿಗೆ ಅಡ್ಡವಾಗಿ ಹಾಕಿದ್ದ ಬೆಂಚಿನ ಮೇಲೆ ಇನ್ನೂ ಸ್ವಲ್ಪ ಅಗಲವಾಗಿ ಕೂತ. ಎದುರಿಗಿದ್ದವನು ಮರ ಕಡಿಯುವವನು. ನಿಂತಲ್ಲಿ ನಿಲ್ಲದ ಅವನನ್ನು ಬೀದಿಯವರೆಲ್ಲ ಗಡಿಬಿಡಿ ಅಂತಲೇ ಕರೆಯುತ್ತಿದ್ದರು. ಸಂಜೆ ಬಾ ಎಂದಿದ್ದರೆ ಬೆಳಿಗ್ಗೆಯೇ ಬಂದು ನಿಂತಿದ್ದ.

“ಕಥೆ ಆಮೇಲೆ ಅಣ್ಣ. ನನ್ನ ಕೊಡಲಿ ಆಯ್ತಾ?”

“ಆಗದೇ ಏನು? ನೀರಾರಬೇಕು ಅಷ್ಟೆ. ಹಿಂದೆ ಹೀಗೇ ಒಂದು ಕೊಡಲಿಗೆ ಸಾಣೆ ಹಿಡಿದು ಗೋಡೆಗೆ ಒರಗಿಸಿಟ್ಟಿದ್ದೆ. ಬಿಸಿಲು ಬಂತು ನೋಡು, ಅದರ ನೆರಳು ಪಕ್ಕದ ಕುಂಬಳಕಾಯಿ ಮೇಲೆ ಬಿತ್ತು. ಕಾಯಿ ಎರಡು ಹೋಳು!”

“ನೆರಳಿಗೆ?”

“ಬರೀ ನೆರಳಿಗೆ. ಆಮೇಲಿಂದ ಅದನ್ನ ಮೋಡ ಇರೋ ದಿನ ಮಾತ್ರ ಹೊರಗೆ ತೆಗೀತಿದ್ದೆ.”

ಹಿತ್ತಲಿನಿಂದ ಗರ್ರ್, ಗರ್ರ್ ಎಂದು ಸದ್ದು ಬಂತು. ಗಡಿಬಿಡಿ ಕತ್ತು ಉದ್ದ ಮಾಡಿದ. “ಅದೇನಣ್ಣ ಉಜ್ಜೋದು?”

“ನಿಮ್ಮತ್ತಿಗೆ. ತಳ ಹಿಡಿದ ಪಾತ್ರೆ” ಎಂದು ಸಾಣೆಯಣ್ಣ ದನಿ ಏರಿಸಿದ.

ಹೋದ ವರ್ಷದಿಂದ ಅವನ ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಸಾಣೆ ಹಿಡಿದರೆ ಅಲಗು ಹರಿತವಾಗುವ ಬದಲು ದುಂಡಗಾಗುತ್ತದೆ. ಈ ಸುದ್ದಿ ಹೊರಗೆ ಬಿದ್ದರೆ ಬೀದಿಯ ಕುಡುಗೋಲು, ಮಚ್ಚು, ಕತ್ತರಿಯೆಲ್ಲ ಮೂಲೆಯ ಮಿಷಿನ್ ಅಂಗಡಿಯ ಪಾಲು. ಅಲ್ಲಿ ಕಿಡಿ ಹಾರಿಸಿ ಅಲಗು ಸುಟ್ಟು ಕೊಡುತ್ತಾರೆ, ಆ ಮಾತು ಬೇರೆ. ಅದಕ್ಕೇ ಈಗ ಮನೆಯಲ್ಲಿ ಕಲ್ಲು ಹೆಂಡತಿಯದು, ನಾಲಿಗೆ ಇವನದು.

“ಈ ಸೆಕೇಲಿ ತುಂಬುತೋಳಿನ ಅಂಗಿ ಯಾಕಣ್ಣ?”

ಸಾಣೆಯಣ್ಣ ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ಅಲಗಿನಿಂದ ಎಡಗೈಯ ಕೂದಲು ಬೋಳಿಸಿ ಹರಿತ ನೋಡುವುದು ಅವನ ಪದ್ಧತಿ. ಆ ಕೈ ಬೋಳಾಗಿರುವುದನ್ನು ಕಂಡೇ ಜನ ನಂಬಿ ಕೆಲಸ ಕೊಡುತ್ತಿದ್ದರು. ಈಗ ಅಲ್ಲಿ ದನ ಮೇಯಿಸಬಹುದಿತ್ತು.

“ಸೊಳ್ಳೆ” ಎಂದ.

“ಹಗಲಲ್ಲಾ?”

“ಹಗಲಲ್ಲೇ. ಕೆಲಸವಿಲ್ಲದ ಸೊಳ್ಳೆಗಳು.”

ಹಿತ್ತಲಿನ ಸದ್ದು ಗರ್ರ್ ಹೋಗಿ ಸರ್ರ್ ಆಯಿತು. ಕಲ್ಲನ್ನು ಒರಟು ಮಗ್ಗುಲಿಂದ ನುಣುಪು ಮಗ್ಗುಲಿಗೆ ತಿರುಗಿಸಿ ನೀರು ಚಿಮುಕಿಸಿದ್ದಾಳೆ. ಇನ್ನು ಒಂದು ಬೆಕ್ಕಿನ ಕಥೆಯಷ್ಟು ಕೆಲಸ ಉಳಿದಿದೆ ಎಂದು ಸಾಣೆಯಣ್ಣ ಲೆಕ್ಕ ಹಾಕಿದ.

“ಬೆಕ್ಕಿನ ವಿಷಯ ಹೇಳಲೇ ಇಲ್ವಲ್ಲ! ಒಂದಿನ ಮೋಡ ಇದೆ ಅಂತ ಆ ಕೊಡಲಿ ಹೊರಗಿಟ್ಟಿದ್ದೆ. ಎದುರುಮನೆ ಬೆಕ್ಕು ಬಾಲ ನೆಟ್ಟಗೆ ಎತ್ತಿಕೊಂಡು ಬರ್ತಾ ಇದೆ. ಅಷ್ಟರಲ್ಲಿ ಮೋಡ ಸರೀತು. ನೆರಳು ನಿಧಾನಕ್ಕೆ ಗೋಡೆಯಿಂದ ಇಳೀತು, ನೆಲಕ್ಕೆ ಬಂತು...”

ಸದ್ದು ನಿಂತಿತು. ಹೆಂಡತಿ ಕೊಡಲಿಯನ್ನು ಬಟ್ಟೆಯಲ್ಲಿ ಒರೆಸುತ್ತ ಹೊರಗೆ ಬಂದಳು. “ತಗೋಪ್ಪಾ. ನೀರಾರಿದೆ.”

ಗಡಿಬಿಡಿ ತನ್ನ ತೋಳಿನ ಮೇಲೆ ಅಲಗು ಆಡಿಸಿದ. ಕೂದಲು ಉದುರಿತು. ಅವಳ ಬೆರಳ ಸಂದಿಯಲ್ಲಿ ಕಲ್ಲಿನ ಬೂದು ಕೆಸರು ಇನ್ನೂ ಹಸಿಯಾಗಿತ್ತು. ಅದನ್ನೂ ನೋಡಿದ. ಕೊಡಲಿಯನ್ನು ಹೆಗಲಿಗೇರಿಸಿದ.

“...ಬಾಲದ ತುದಿಗೆ ಇನ್ನೇನು ನೆರಳು ತಾಗಬೇಕು, ಅಷ್ಟರಲ್ಲಿ ಆ ಬೆಕ್ಕು...”

ಗಡಿಬಿಡಿ ಆಗಲೇ ಗೇಟು ದಾಟಿದ್ದ. ತಿರುಗಿ ನೋಡದೆಯೇ ಕೂಗಿದ:

“ಅತ್ತಿಗೇ, ನಾಳೆ ಬೇಲಿ ಕತ್ತರಿ ತರ್ತೀನಿ. ಅದಕ್ಕೆ ಎರಡು ಅಲಗು. ಅಣ್ಣಂಗೆ ಸ್ವಲ್ಪ ಉದ್ದದ ಕಥೆ ನೋಡ್ಕೊಳ್ಳೋಕೆ ಹೇಳಿ!”